ಹಾಸಿಗೆ ಹಿಡಿದವರ ಪಕ್ಕದಲ್ಲಿ ಹತ್ತು ನಿಮಿಷ: ಸಭೆಯ ಭೇಟಿ ಸೇವೆ ಮಾಡುವವರಿಗೆ

"ನನಗೆ ಪ್ರಸಂಗ ಮಾಡೋಕೆ ಬರಲ್ಲ, ರಾಗವಾಗಿ ಹಾಡೋಕೂ ಬರಲ್ಲ. ರೋಗಿಯ ಮುಂದೆ ಕೂತು ಏನು ಹೇಳಲಿ?" ರೋಗಿಗಳನ್ನು ನೋಡಿ ಬರುವ ಭೇಟಿ ಸೇವೆಗೆ ಬನ್ನಿ ಎಂದು ಸಭಾಪಾಲಕರು (ಪಾಸ್ಟರು) ಕರೆದಾಗ ಹೆಚ್ಚಿನವರ ಬಾಯಿಂದ ಮೊದಲು ಬರುವ ಮಾತು ಇದು. ಉತ್ತರ ಸತ್ಯವೇದದ ಯೋಬನ ಪುಸ್ತಕದಲ್ಲೇ ಇದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು ಯೋಬ. ಅವನ ಮೂವರು ಸ್ನೇಹಿತರು ಬಂದು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಅವರ ಭೇಟಿಯಲ್ಲಿ ಯಾವ ಕುಂದೂ ಇರಲಿಲ್ಲ. ಕೆಟ್ಟದ್ದು ಅವರು ಬಾಯಿ ತೆರೆದ ಮೇಲೆ, ಅಂದರೆ ನಾಲ್ಕನೇ ಅಧ್ಯಾಯದಿಂದ. ಮಾತು ಬಾರದವರು ಈ ಸೇವೆಗೆ ಅನರ್ಹರಲ್ಲ. ಭಯಪಡಬೇಕಾದದ್ದು ಮಾತು ನಿಲ್ಲಿಸಲು ಬಾರದವರು.

ಭೇಟಿ ಚಿಕ್ಕದಾಗಿರಲಿ, ಆದರೆ ಮತ್ತೆ ಬನ್ನಿ. ಈ ಲೇಖನದ ಉಳಿದದ್ದೆಲ್ಲ ಇದರ ವಿವರಣೆ. ಕಾಯಿಲೆ ಬಿದ್ದ ಮೊದಲ ವಾರ ಅರ್ಧ ಸಭೆಯೇ ಬಂದು ಹೋಗುತ್ತದೆ. ಆರನೇ ವಾರ ಗೇಟಿನ ಸದ್ದಾದರೆ ಅದು ಹಾಲಿನವನದು ಮಾತ್ರ. ಆ ಆರನೇ ವಾರದಲ್ಲಿ ಬರುವವರು ನೀವಾಗಿ. ಅದಕ್ಕೆ ಬೇಕಾದದ್ದು ವಾಕ್ಚಾತುರ್ಯವಲ್ಲ, ಒಂದು ನೋಟ್‌ಬುಕ್ಕು, ಒಬ್ಬ ಜೊತೆಗಾರ, ಮತ್ತು ಕೊಟ್ಟ ಮಾತು ಉಳಿಸಿಕೊಳ್ಳುವ ಅಭ್ಯಾಸ.

ಹೊರಡುವ ಮುಂಚೆ

ಫೋನ್ ಮಾಡದೆ ಹೋಗಬೇಡಿ. ಸುದ್ದಿ ಇಲ್ಲದೆ ಹೋದರೆ ಪ್ರೀತಿ ಹೆಚ್ಚು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಬೆಡ್‌ಪ್ಯಾನ್ ಇಟ್ಟಿರುವಾಗ, ಸ್ಪಂಜಿನಿಂದ ಮೈ ಒರೆಸುತ್ತಿರುವಾಗ ಬಾಗಿಲು ಬಡಿದರೆ ರೋಗಿಗೆ ಉಳಿಯುವುದು ನಾಚಿಕೆ. "ನಾಳೆ ಸಂಜೆ ಐದಕ್ಕೆ ಹತ್ತು ನಿಮಿಷ ಬಂದು ಹೋಗಬಹುದಾ?" ಎಂದು ಕೇಳಿ. ಎಷ್ಟು ಹೊತ್ತು ಎಂಬುದನ್ನು ಮೊದಲೇ ಹೇಳಿದರೆ ಮನೆಯವರ ಅರ್ಧ ಆತಂಕ ಇಳಿಯುತ್ತದೆ. "ಕಾಫಿ ಮಾಡಬೇಡಿ, ಕುಡಿದೇ ಬರುತ್ತೇವೆ" ಎಂಬುದನ್ನೂ ಸೇರಿಸಿ. ಆದರೂ ಮಾಡಿಟ್ಟಿದ್ದರೆ ಮಾತ್ರ ಬೇಡ ಅನ್ನಬೇಡಿ, ಅರ್ಧ ಲೋಟವಾದರೂ ಕುಡಿಯಿರಿ. ಕಷ್ಟದಲ್ಲಿರುವ ಮನೆಗೆ ತಾನೂ ಏನಾದರೂ ಕೊಡಬಲ್ಲೆ ಎಂಬ ಗೌರವ ಉಳಿಯುವುದು ಆ ಲೋಟದಲ್ಲಿ.

ಹೊತ್ತು: ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆ, ಇಲ್ಲವೇ ಸಂಜೆ ನಾಲ್ಕೂವರೆಯಿಂದ ಆರು. ಊಟದ ನಂತರದ ನಿದ್ದೆ ಕೆಡಿಸಬೇಡಿ. ರಾತ್ರಿ ನಿದ್ದೆ ಬಾರದವರಿಗೆ ಮಧ್ಯಾಹ್ನದ ಆ ಒಂದು ಗಂಟೆಯೇ ದಿನದ ವಿಶ್ರಾಂತಿ.

ಇಬ್ಬರಾಗಿ ಹೋಗಿ. ಕರ್ತನಾದ ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ್ದನ್ನು ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಓದುತ್ತೇವೆ. ಅದರ ಲಾಭ ಭೇಟಿಯಲ್ಲಿ ಕಣ್ಣಿಗೆ ಕಾಣುತ್ತದೆ: ಒಬ್ಬರು ರೋಗಿಯ ಹತ್ತಿರ ಕೂತಾಗ ಇನ್ನೊಬ್ಬರು ಅಡುಗೆಮನೆಗೆ ಹೋಗಿ, ಹಗಲೂ ರಾತ್ರಿ ನೋಡಿಕೊಳ್ಳುತ್ತಿರುವ ಹೆಂಡತಿಯ ಅಥವಾ ಸೊಸೆಯ ಜೊತೆ ಐದು ನಿಮಿಷ ಮಾತಾಡಬಹುದು. ಬಂದವರೆಲ್ಲ "ಅಪ್ಪ ಹೇಗಿದ್ದಾರೆ?" ಎಂದು ಕೇಳುತ್ತಾರೆ. "ನೀನು ರಾತ್ರಿ ಎಷ್ಟು ಹೊತ್ತು ಮಲಗಿದೆಯಮ್ಮಾ?" ಎಂದು ಕೇಳುವವರು ಇರುವುದಿಲ್ಲ. ಆ ಒಂದು ಪ್ರಶ್ನೆಗೆ ಕಣ್ಣು ತುಂಬಿಕೊಳ್ಳುವುದು ಸಾಮಾನ್ಯ. ಹೆಂಗಸರಿರುವ ಮನೆಗೆ ಜೋಡಿಯಲ್ಲಿ ಒಬ್ಬ ಹೆಂಗಸಿರಲಿ. ಮಕ್ಕಳು ಕಾಯಿಲೆ ಬಿದ್ದಿದ್ದರೆ ಬಾಗಿಲು ತೆರೆದೇ ಇರಲಿ, ತಂದೆಯೋ ತಾಯಿಯೋ ಹತ್ತಿರದಲ್ಲೇ ಇರಲಿ. ಈ ನಿಯಮಕ್ಕೆ ಯಾರಿಗೂ ವಿನಾಯಿತಿ ಬೇಡ, ಹಿರಿಯರಿಗೂ.

ನಿಮಗೇ ನೆಗಡಿ, ಕೆಮ್ಮು, ಜ್ವರ, ಭೇದಿ ಇದ್ದರೆ ಹೋಗಬೇಡಿ, ಫೋನಿನಲ್ಲಿ ಮಾತಾಡಿ. ಕೀಮೋ ತೆಗೆದುಕೊಳ್ಳುತ್ತಿರುವವರ ದೇಹದಲ್ಲಿ ಸೋಂಕು ತಡೆಯುವ ಬಿಳಿ ರಕ್ತಕಣಗಳು ಇಳಿದಿರುತ್ತವೆ. ನಿಮಗೆ ಎರಡು ದಿನದ ನೆಗಡಿ, ಅವರಿಗೆ ಆಸ್ಪತ್ರೆ.

ಕೈಯಲ್ಲಿ ಏನು ಒಯ್ಯಬೇಕು ಎಂಬ ವಿಷಯದಲ್ಲೇ ನಮ್ಮಲ್ಲಿ ದೊಡ್ಡ ತಪ್ಪುಗಳಾಗುತ್ತವೆ. ರೋಗಿಯನ್ನು ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು, ಮೋಸಂಬಿ ಹಿಡಿದು ಹೋಗುವುದು ವಾಡಿಕೆ. ಮೂತ್ರಪಿಂಡ ಸೋತವರಿಗೆ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಇವು ಅಪಾಯ. ಇವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದು, ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಲಕ್ವ ಹೊಡೆದವರಿಗೆ ನೀವಾಗಿ ಒಂದು ಚಮಚ ನೀರನ್ನೂ ಕುಡಿಸಬೇಡಿ. ನುಂಗುವ ಶಕ್ತಿ ಕುಂದಿದ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಬರಿಗೈಯಲ್ಲಿ ಹೋಗಲು ಮನಸ್ಸಾಗದಿದ್ದರೆ ಮನೆಯವರಿಗೆಂದು ಒಂದು ಡಬ್ಬಿ ಸಾರು, ಪಲ್ಯ ಒಯ್ಯಿರಿ. ತೊಳೆದು ಹಿಂತಿರುಗಿಸಬೇಕಾಗದ ಡಬ್ಬಿಯಲ್ಲಿ.

ಕೋಣೆಯೊಳಗೆ

ಚಪ್ಪಲಿ ಬಿಟ್ಟು, ಸೋಪಿನಿಂದ ಕೈ ತೊಳೆದು ಒಳಗೆ ಹೋಗಿ. ಮಲಗಿದವರ ಎದುರು ನಿಂತುಕೊಂಡು ಮಾತಾಡಬೇಡಿ. ನಿಂತವರು ಹೊರಡಲು ತಯಾರಿದ್ದಾರೆ ಎಂದು ರೋಗಿಗೆ ಅನ್ನಿಸುತ್ತದೆ, ಅಲ್ಲದೆ ಕತ್ತೆತ್ತಿ ನೋಡುವುದೂ ಅವರಿಗೆ ಕಷ್ಟ. "ಅಜ್ಜಿ, ಇಲ್ಲಿ ಕೂತ್ಕೊಳ್ಳಲಾ?" ಎಂದು ಕೇಳಿ, ಕುರ್ಚಿಯನ್ನೋ ಸ್ಟೂಲನ್ನೋ ಅವರ ದಿಂಬಿನ ಮಟ್ಟಕ್ಕೆ ಎಳೆದುಕೊಳ್ಳಿ. ಮಂಚದ ಮೇಲೆ ಕೂರಬೇಡಿ. ಹಾಸಿಗೆ ಅಲುಗಿದರೆ ಶಸ್ತ್ರಚಿಕಿತ್ಸೆಯ ಹೊಲಿಗೆ ನೋಯುತ್ತದೆ, ಕೊಳವೆಗಳು ಎಳೆದಂತಾಗುತ್ತವೆ. ಕಿಟಕಿ ನಿಮ್ಮ ಬೆನ್ನ ಹಿಂದೆ ಇರದಂತೆ ನೋಡಿಕೊಳ್ಳಿ. ಬೆಳಕು ನಿಮ್ಮ ಮುಖದ ಮೇಲೆ ಬಿದ್ದರೆ ಕಿವಿ ಮಂದವಾದವರು ತುಟಿ ನೋಡಿ ಮಾತು ಹಿಡಿಯುತ್ತಾರೆ. ಅವರ ಜೊತೆ ಕೂಗಬೇಡಿ, ದನಿ ತಗ್ಗಿಸಿ ನಿಧಾನವಾಗಿ ಹೇಳಿ. ಕೂಗಿದಾಗ ಸ್ವರ ಏರುತ್ತದೆ. ವಯಸ್ಸಾದಂತೆ ಮೊದಲು ಕೈಕೊಡುವುದು ಆ ಏರುಸ್ವರ ಕೇಳುವ ಶಕ್ತಿಯೇ.

ಕೈ ಹಿಡಿಯುವ ಮುಂಚೆ ಯಾವ ಕೈಗೆ ಸೂಜಿ ಚುಚ್ಚಿದ್ದಾರೆ ನೋಡಿ. ಬಿಳಿ ಟೇಪು ಸುತ್ತಿದ, ಸುತ್ತಲೂ ನೀಲಿಗಟ್ಟಿದ ಆ ಕೈಯನ್ನು ಪ್ರೀತಿಯಿಂದ ಒತ್ತಿದರೂ ರೋಗಿ ಹಲ್ಲು ಕಚ್ಚುತ್ತಾರೆ, ನಿಮ್ಮ ಮರ್ಯಾದೆಗೆ ಬಾಯಿ ಬಿಡುವುದಿಲ್ಲ. ಇನ್ನೊಂದು ಕೈಯ ಅಡಿಗೆ ನಿಮ್ಮ ಅಂಗೈ ಚಾಚಿ. ಹಿಡಿಯುವುದು ಅವರ ಇಷ್ಟ.

"ಹೇಗಿದ್ದೀರಿ?" ಎಂದರೆ "ದೇವರ ದಯೆ, ಚೆನ್ನಾಗಿದ್ದೀನಿ" ಎಂಬ ಉತ್ತರ ಬಾಯಿಪಾಠ. "ನಿನ್ನೆ ರಾತ್ರಿ ಹೇಗಾಯಿತು?" ಎಂದು ಕೇಳಿ. ರಾತ್ರಿಯ ಬಗ್ಗೆ ಯಾರೂ ಸುಳ್ಳು ಹೇಳುವುದಿಲ್ಲ. ಆಮೇಲೆ ಸುಮ್ಮನಿರಿ. ಮೌನ ಹತ್ತು ಸೆಕೆಂಡು ದಾಟಿದರೆ ನಮಗೆ ಕಸಿವಿಸಿ ಶುರುವಾಗಿ ಹವಾಮಾನದ ಬಗ್ಗೆ ಮಾತು ತೆಗೆಯುತ್ತೇವೆ. ಇಪ್ಪತ್ತು ಸೆಕೆಂಡು ತಾಳಿಕೊಳ್ಳಿ. ಮನಸ್ಸಿನೊಳಗಿನ ಮಾತು ಬರುವುದು ಅಷ್ಟು ಹೊತ್ತು ಕಾದ ಮೇಲೆ.

ಹೇಳಬಾರದ ಮಾತುಗಳಿವೆ. "ಇದು ದೇವರ ಚಿತ್ತ." "ಎಲ್ಲ ಒಳ್ಳೆಯದಕ್ಕೇ." "ನಿಮ್ಮ ನಂಬಿಕೆ ಗಟ್ಟಿಯಾಗಿದ್ದರೆ ಎದ್ದು ನಡೀತೀರಿ." "ನಮ್ಮ ಚಿಕ್ಕಪ್ಪನಿಗೂ ಇದೇ ಕಾಯಿಲೆ, ಮೂರೇ ತಿಂಗಳು." ಇವುಗಳಲ್ಲಿ ಮೂರನೆಯದು ಅತಿ ಕ್ರೂರ. ವಾಸಿಯಾಗದಿದ್ದರೆ ತಪ್ಪು ತನ್ನದೇ ಎಂಬ ಹೊರೆಯನ್ನು ಅದು ರೋಗಿಯ ಎದೆಯ ಮೇಲೆ ಇಡುತ್ತದೆ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಆಗುತ್ತದೆ ಎನ್ನುವ, ರೋಮಾಪುರದವರಿಗೆ ಬರೆದ ಪತ್ರದ 8:28 ಸತ್ಯವಾದ ವಚನ. ಆದರೆ ಅದನ್ನು ನೋವಿನಲ್ಲಿರುವವರೇ ತಮ್ಮ ಬಾಯಿಂದ ಹೇಳಲಿ, ನೀವು ಅವರ ಮೇಲೆ ಹೇರಬೇಡಿ. ಸತ್ತ ಲಾಜರನನ್ನು ಎಬ್ಬಿಸಲಿರುವೆನೆಂದು ತಿಳಿದಿದ್ದ ಕರ್ತನೂ ಅವನ ಸಹೋದರಿ ಮರಿಯಳ ಎದುರು ಮೊದಲು ಅತ್ತನು.

ಔಷಧದ ವಿಷಯಕ್ಕೆ ಕೈ ಹಾಕಬೇಡಿ. ಮಾತ್ರೆ ನಿಲ್ಲಿಸಿ ಪ್ರಾರ್ಥನೆ ಮಾಡೋಣ ಎಂಬ ಮಾತು ಸಭೆಯ ಹೆಸರಿನಲ್ಲಿ ಯಾರ ಬಾಯಿಂದಲೂ ಬರಕೂಡದು. ಈಸ್ಟರ್‌ಗೆ ಮುಂಚಿನ ಶ್ರಮೆಯ ಕಾಲದ ಉಪವಾಸಕ್ಕೂ ಇದು ಅನ್ವಯಿಸುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಪ್ರಮಾಣ ದಿಢೀರನೆ ಇಳಿದು ಪ್ರಜ್ಞೆ ತಪ್ಪಬಹುದು. ಉಪವಾಸ ಮಾಡದಿದ್ದರೆ ಪಾಪವೇನೋ ಎಂದು ಕೊರಗುವ ಹಿರಿಯರಿಗೆ, ನೀವು ಮಾಡಬೇಕಾಗಿಲ್ಲ ಎಂದು ಸಭಾಪಾಲಕರಿಂದಲೇ ಹೇಳಿಸಿ. ನಿಮ್ಮ ಮಾತಿಗಿಂತ ಅವರ ಮಾತಿಗೆ ತೂಕ ಹೆಚ್ಚು.

ಓದುವುದು, ಪ್ರಾರ್ಥಿಸುವುದು

"ಒಂದು ಕೀರ್ತನೆ ಓದಲಾ?" ಎಂದು ಕೇಳಿ. ಬೇಡವೆಂದರೆ ಬೇಡ. ಬೇಕೆಂದರೆ ಎಂಟು ವಚನ ಮೀರದಿರಲಿ. ಸತ್ಯವೇದದ 23ನೇ ಕೀರ್ತನೆಯಲ್ಲಿ ಆರು ವಚನ, 121ರಲ್ಲಿ ಎಂಟು, 130ರಲ್ಲಿ ಎಂಟು. ಶಸ್ತ್ರಚಿಕಿತ್ಸೆಯ ಹಿಂದಿನ ದಿನಕ್ಕೆ 121 ಚೆನ್ನ. "ದೇವರು ನನ್ನನ್ನು ಮರೆತಿದ್ದಾನೆ" ಎನ್ನುವವರಿಗೆ 13ನೆಯದನ್ನು ಓದಿ. ಅದು ಶುರುವಾಗುವುದೇ ಅದೇ ಪ್ರಶ್ನೆಯಿಂದ. ಇನ್ನೂ ಕತ್ತಲೆಯಲ್ಲಿರುವವರಿಗೆ 88ನೆಯದಿದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಸತ್ಯವೇದದಲ್ಲಿ ಅದಕ್ಕೆ ಜಾಗವಿದೆ. ಗೋಳಾಟಕ್ಕೂ ದೇವರ ಮುಂದೆ ಜಾಗವಿದೆ ಎಂದು ರೋಗಿಗೆ ಗೊತ್ತಾಗುವುದು ದೊಡ್ಡ ಸಮಾಧಾನ.

ಯಾವ ಭಾಷಾಂತರ ಎಂಬುದು ಸಣ್ಣ ಸಂಗತಿಯಲ್ಲ. ಹಳೆಯ ಸತ್ಯವೇದ ಓದಿ ಬೆಳೆದವರ ನಾಲಿಗೆಯಲ್ಲಿ "ಯೆಹೋವನು ನನಗೆ ಕುರುಬನು" ಎಂಬುದೇ ಕೂತಿರುತ್ತದೆ. ನೀವು ಹೊಸ ಭಾಷಾಂತರದಿಂದ ಓದಿದರೆ ಅವರು ಜೊತೆಗೂಡಲಾರರು. ಹಳೆಯದರಿಂದ ಓದಿ, ಅರ್ಧಕ್ಕೆ ನಿಲ್ಲಿಸಿ ನೋಡಿ. ನೆನಪು ಕಳೆದುಕೊಂಡವರು, ಮಗನ ಹೆಸರನ್ನೇ ಮರೆತವರು, ಕಣ್ಣು ಮುಚ್ಚಿಕೊಂಡೇ ಉಳಿದರ್ಧವನ್ನು ಪೂರ್ತಿ ಮಾಡುವುದುಂಟು. ಬಾಲ್ಯದಲ್ಲಿ ಕಲಿತ ಸಂಗೀತಗಳೂ (ಆರಾಧನೆಯ ಹಾಡುಗಳೂ) ಹಾಗೆಯೇ. ಒಂದು ಚರಣ ಸಾಕು, ಮೆಲ್ಲಗೆ. ಕಥೋಲಿಕ ಮನೆಯಾದರೆ ಅವರ ಬೈಬಲನ್ನೇ ಕೇಳಿ ತೆಗೆದುಕೊಳ್ಳಿ.

ಭಾಷೆಯೂ ಅಷ್ಟೇ. ಮಂಗಳೂರು, ಉಡುಪಿ ಕಡೆ ದೇವಾಲಯದಲ್ಲಿ ಕನ್ನಡ, ಮನೆಯಲ್ಲಿ ತುಳು. ಬೇರೆ ಕಡೆ ತಮಿಳೋ, ತೆಲುಗೋ, ಲಂಬಾಣಿಯೋ ಇರಬಹುದು. ನೋವಿನಲ್ಲಿ ಮನುಷ್ಯ ಕೂಗುವುದು ಮನೆಮಾತಿನಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪ್ರೊಟೆಸ್ಟಂಟ್ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದು, 1847ರ ಹೊತ್ತಿಗೆ ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಅಚ್ಚು ಹಾಕಿಸಿದ್ದರ ಹಿಂದೆ ಇದೇ ತಿಳಿವಳಿಕೆ ಇತ್ತು. ಜೋಡಿ ಮಾಡುವಾಗ ಆ ಮನೆಯ ಮಾತು ಬಲ್ಲವರೊಬ್ಬರನ್ನು ಹಾಕಿ.

ಪ್ರಾರ್ಥನೆಗೆ ಮುಂಚೆ "ಏನಕ್ಕಾಗಿ ಪ್ರಾರ್ಥಿಸಲಿ?" ಎಂದು ಕೇಳಿ. ಕ್ಯಾನ್ಸರಿನವರು ಕ್ಯಾನ್ಸರ್ ಬಗ್ಗೆ ಹೇಳದೆ ಮಗಳ ಮದುವೆಯ ಬಗ್ಗೆ ಹೇಳಬಹುದು. ಅದಕ್ಕಾಗಿಯೇ ಪ್ರಾರ್ಥಿಸಿ, ಅವರು ಬಳಸಿದ ಮಾತುಗಳಲ್ಲೇ. ನಾಲ್ಕೈದು ವಾಕ್ಯ ಸಾಕು: "ಪ್ರೀತಿಯ ತಂದೆಯೇ, ಈ ಕೋಣೆಯಲ್ಲಿ ನೀನಿದ್ದೀ. ನಮ್ಮ ಅಮ್ಮನವರಿಗೆ ರಾತ್ರಿ ನಿದ್ದೆ ಬರುತ್ತಿಲ್ಲ, ಇಂದು ರಾತ್ರಿ ನಿದ್ದೆ ಕೊಡು. ಮಗಳ ಮದುವೆಯ ಚಿಂತೆಯನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ನೋಡಿಕೊಳ್ಳುತ್ತಿರುವ ಸೊಸೆಗೆ ಬಲ ಕೊಡು. ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ, ಆಮೆನ್." ಪ್ರಾರ್ಥನೆಯೊಳಗೆ ಬುದ್ಧಿವಾದ ತುರುಕಬೇಡಿ. "ಕರ್ತನೇ, ಇವರಿಗೆ ತಾಳ್ಮೆ ಕಲಿಸು" ಎಂದರೆ ಅದು ರೋಗಿಗೆ ಹೇಳಿದ ಮಾತು, ದೇವರಿಗೆ ಹೇಳಿದ್ದಲ್ಲ.

ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಬೇಕೆಂದು ಕೇಳಿದರೆ ಆ ದಿನವೇ ಸಭಾಪಾಲಕರಿಗೆ ತಿಳಿಸಿ. ನುಂಗಲು ಆಗುತ್ತದೆಯೇ ಎಂಬುದನ್ನೂ ಹೇಳಿ, ರೊಟ್ಟಿಯ ಚೂರು ಎಷ್ಟು ಚಿಕ್ಕದಿರಬೇಕು ಎಂಬುದನ್ನು ಅವರು ನೋಡಿಕೊಳ್ಳುತ್ತಾರೆ. ಕಥೋಲಿಕ ಸಭೆಯಲ್ಲಿ ಪರಮಪ್ರಸಾದವನ್ನು ನೇಮಕಗೊಂಡ ವಿಶ್ವಾಸಿಗಳು ತಂದುಕೊಡಬಹುದು, ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರಕ್ಕೆ ಮಾತ್ರ ಗುರುಗಳೇ ಬರಬೇಕು. ಕೊನೆಯ ಗಳಿಗೆಯವರೆಗೆ ಕಾಯಬೇಡಿ.

ಆಸ್ಪತ್ರೆಯಲ್ಲಿ

ಕರ್ನಾಟಕದಲ್ಲಿ ಸಭೆ ಮತ್ತು ಆಸ್ಪತ್ರೆಯ ನಂಟು ಹಳೆಯದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು, ಉಡುಪಿಯ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ 1923ರಲ್ಲಿ ಶುರುವಾಯಿತು. ಆದರೂ ಮಿಷನ್ ಆಸ್ಪತ್ರೆ ಎಂಬ ಸಲುಗೆಯಿಂದ ವಾರ್ಡಿಗೆ ನುಗ್ಗಬೇಡಿ. ಮೊದಲು ವಾರ್ಡಿನ ಸಿಸ್ಟರ್ ಹತ್ತಿರ ಕೇಳಿ. ಡಾಕ್ಟರು ರೌಂಡ್ಸಿಗೆ ಬಂದರೆ ಕೀರ್ತನೆ ಅರ್ಧದಲ್ಲಿದ್ದರೂ ಎದ್ದು ಹೊರಗೆ ನಿಲ್ಲಿ. ಆಸ್ಪತ್ರೆಯ ಭೇಟಿ ಹತ್ತು ನಿಮಿಷ, ಐಸಿಯುನಲ್ಲಿ ಎರಡು. ಪ್ರಜ್ಞೆ ಇಲ್ಲದಂತೆ ಕಾಣುವವರ ಕಿವಿಯ ಹತ್ತಿರ ಬಾಗಿ ಹೆಸರು ಹಿಡಿದು ಕರೆದು ಮಾತಾಡಿ. ಅವರಿಗೆ ಕೇಳಿಸುತ್ತಿದೆ ಎಂದೇ ಭಾವಿಸಿ, ಅವರ ಸ್ಥಿತಿಯನ್ನು ಅಲ್ಲಿ ಚರ್ಚಿಸಬೇಡಿ.

ಪಕ್ಕದ ಹಾಸಿಗೆಗಳಲ್ಲಿ ಬೇರೆ ಧರ್ಮದವರಿರುತ್ತಾರೆ. ದನಿ ನಿಮ್ಮ ರೋಗಿಗೆ ಕೇಳುವಷ್ಟೇ ಇರಲಿ. ಕರಪತ್ರ ಹಂಚಬೇಡಿ, ಕೇಳದವರ ತಲೆಯ ಮೇಲೆ ಕೈಯಿಡಬೇಡಿ. ಕಾಯಿಲೆಯಲ್ಲಿ ಸೋತು ಮಲಗಿದವರ ಮೇಲೆ ನಮ್ಮ ನಂಬಿಕೆ ಹೊರಿಸುವುದು ಪ್ರೀತಿಯಲ್ಲ. ಪಕ್ಕದವರಿಗೆ ನೀರಿನ ಬಾಟಲಿ ಕೈಗೆ ಸಿಗುತ್ತಿಲ್ಲವಾದರೆ ಎತ್ತಿಕೊಡಿ.

ಸಾವಿನ ಮನೆ

ಮೊದಲ ದಿನ ಮಾತು ಬೇಡ, ಕೆಲಸ ಮಾಡಿ. ಕುರ್ಚಿ, ನೀರು, ಸಮಾಧಿಯ ಏರ್ಪಾಟು, ದೂರದಿಂದ ಬರುವವರನ್ನು ಬಸ್ ಸ್ಟ್ಯಾಂಡಿನಿಂದ ಕರೆತರುವುದು. ಮಣ್ಣು ಮಾಡಿದ ನಂತರದ ವಾರದಲ್ಲಿ ಕಾಗದಪತ್ರದ ಕೆಲಸಕ್ಕೆ ಜೊತೆಯಾಗಿ. ಸಾವನ್ನು 21 ದಿನದೊಳಗೆ ನೋಂದಣಿ ಮಾಡಿಸಬೇಕು. ತಡವಾದರೆ ದಂಡ, ಅಲೆದಾಟ. ಬ್ಯಾಂಕಿಗೆ, ಪಿಂಚಣಿಗೆ, ವಿಮೆಗೆ ಮರಣ ಪ್ರಮಾಣಪತ್ರದ ಹಲವು ಪ್ರತಿ ಬೇಕಾಗುತ್ತದೆ, ಒಮ್ಮೆಗೇ ಹತ್ತು ತೆಗೆಸಿಡುವಂತೆ ಹೇಳಿ. ಗಂಡನ ಖಾತೆಯ ವಿವರವೇ ಗೊತ್ತಿಲ್ಲದ ವಿಧವೆಯ ಜೊತೆ ಬ್ಯಾಂಕಿನ ಸಾಲಿನಲ್ಲಿ ನಿಂತ ಒಂದು ಬೆಳಿಗ್ಗೆ ಎಷ್ಟೋ ಪ್ರಸಂಗಗಳಿಗಿಂತ ದೊಡ್ಡದು.

ಆಮೇಲೆ ತಾರೀಕುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಮೂರನೇ ವಾರ, ನಲವತ್ತನೇ ದಿನ, ಮೊದಲ ಕ್ರಿಸ್ಮಸ್, ಅವರ ಹುಟ್ಟುಹಬ್ಬ, ವರ್ಷದ ದಿನ. ತೀರಿಕೊಂಡವರ ಹೆಸರನ್ನು ಬಾಯಿಬಿಟ್ಟು ಹೇಳಿ. ನೆನಪಿಸಿದರೆ ಅಳುತ್ತಾರೆಂದು ನಾವು ಹೆಸರೆತ್ತುವುದಿಲ್ಲ, ಅವರು ಮರೆತೇ ಇರುವುದಿಲ್ಲ.

"ಏನಾದರೂ ಬೇಕಿದ್ದರೆ ಹೇಳಿ" ಎನ್ನಬೇಡಿ, ಯಾರೂ ಹೇಳುವುದಿಲ್ಲ. "ಗುರುವಾರ ನಾಲ್ಕರಿಂದ ಆರರವರೆಗೆ ನಾವಿಬ್ಬರು ಇಲ್ಲಿ ಕೂತಿರುತ್ತೇವೆ, ನೀವು ಹೊರಗೆ ಹೋಗಿ ಬನ್ನಿ" ಎನ್ನಿ. ಹೇಳಿದ ಮೇಲೆ ಮಳೆ ಬಂದರೂ ಹೋಗಿ.

ಕೇಳಿದ್ದು ಎಲ್ಲಿಗೆ ಹೋಗಬೇಕು

ಸಭೆಯೊಳಗೆ ಗುಟ್ಟು ಸೋರುವುದು ಹೆಚ್ಚಾಗಿ ಪ್ರಾರ್ಥನೆಯ ಹೆಸರಿನಲ್ಲಿ. "ಇಂಥವರಿಗೆ ಇಂಥ ಕಾಯಿಲೆ, ಪ್ರಾರ್ಥಿಸಿ" ಎಂದು ವಾಟ್ಸಾಪ್ ಗುಂಪಿಗೆ ಹಾಕಿದರೆ ಸಂಜೆಯೊಳಗೆ ದುಬೈಯಲ್ಲಿರುವ ಮಗನಿಗೆ ಅಪ್ಪನ ಕ್ಯಾನ್ಸರ್ ಬೇರೆಯವರಿಂದ ತಿಳಿಯುತ್ತದೆ. "ಭಾನುವಾರ ನಿಮ್ಮ ಹೆಸರು ಹೇಳಿ ಪ್ರಾರ್ಥಿಸಬಹುದಾ? ಕಾಯಿಲೆಯ ಹೆಸರು ಹೇಳಬಹುದಾ?" ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ರೋಗಿಯ ಫೋಟೋ ತೆಗೆಯಲೇಬೇಡಿ. ದುಡ್ಡಿನ ಸಹಾಯ ಖಜಾಂಚಿಯ ಮೂಲಕ, ರಸೀದಿಯೊಂದಿಗೆ ಮಾತ್ರ.

ಗುಟ್ಟಾಗಿ ಇಡಬಾರದ್ದೂ ಇದೆ. "ಬದುಕೋದು ಸಾಕು" ಎಂಬ ಮಾತು ಕೇಳಿದರೆ ಮಾತು ಮರೆಸಬೇಡಿ. "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಎಂದು ನೇರವಾಗಿ, ಮೃದುವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯವರಿಗೆ, ಡಾಕ್ಟರಿಗೆ, ಸಭಾಪಾಲಕರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮನೆಯಲ್ಲಿ ಯಾರಾದರೂ ಹೊಡೆಯುತ್ತಿದ್ದಾರೆ, ಊಟ ಕೊಡುತ್ತಿಲ್ಲ ಎಂಬುದು ಕಂಡರೂ ಸುಮ್ಮನಿರಬೇಡಿ.

ನೀವು ಬಳಲದಿರಲು

120 ಮನೆಗಳ ಸಭೆ ಎಂದಿಟ್ಟುಕೊಳ್ಳಿ. ದೇವಾಲಯಕ್ಕೆ ಬರಲಾಗದವರು 12 ಮಂದಿ. ಆರು ಜನರ ಮೂರು ಜೋಡಿ, ಪ್ರತಿ ಜೋಡಿ ವಾರಕ್ಕೆ ಒಂದು ಸಂಜೆ, ಸಂಜೆಗೆ ಎರಡು ಮನೆ. ವಾರಕ್ಕೆ ಆರು ಮನೆಯಾಯಿತು, ಎರಡು ವಾರಕ್ಕೊಮ್ಮೆ ಹನ್ನೆರಡೂ ಮುಗಿಯಿತು. ಸಭಾಪಾಲಕರೊಬ್ಬರ ಹೆಗಲ ಮೇಲೆ ಇದನ್ನೆಲ್ಲ ಹಾಕಿದರೆ ಭೇಟಿಗಳೂ ಆಗುವುದಿಲ್ಲ, ಅವರ ಆರೋಗ್ಯವೂ ಉಳಿಯುವುದಿಲ್ಲ. ವಿಮೋಚನಕಾಂಡ 18ರಲ್ಲಿ ಮೋಶೆಗೆ ಅವನ ಮಾವ ಹೇಳಿದ್ದೂ ಇದನ್ನೇ.

ನೋಟ್‌ಬುಕ್ಕಿನಲ್ಲಿ ನಾಲ್ಕೇ ಕಲಂ: ತಾರೀಕು, ಮನೆ, ಕೇಳಿಕೊಂಡ ಸಹಾಯ, ಮುಂದಿನ ಭೇಟಿ. ಕಾಯಿಲೆಯ ವಿವರ, ಮನಸ್ಸು ಬಿಚ್ಚಿ ಹೇಳಿಕೊಂಡ ಮಾತು ಬರೆಯಬೇಡಿ. ಪುಸ್ತಕ ಯಾರ ಕೈಗಾದರೂ ಸಿಗಬಹುದು. ತಿಂಗಳ ಮೊದಲ ಶನಿವಾರ ಆರೂ ಜನ ಒಂದು ಗಂಟೆ ಕೂರಿ. ಅರ್ಧ ಗಂಟೆ ಪಟ್ಟಿ ನೋಡುವುದಕ್ಕೆ, ಅರ್ಧ ಗಂಟೆ ನಿಮಗಾಗಿ. ಒಂದೇ ತಿಂಗಳಲ್ಲಿ ಎರಡು ಸಾವು ಕಂಡ ಜೋಡಿಗೆ ಮುಂದಿನ ಎರಡು ವಾರ ಬಿಡುವು ಕೊಡಿ. ಅವರು ಕೇಳುವವರೆಗೆ ಕಾಯಬೇಡಿ, ಸೇವೆ ಮಾಡುವವರು ಕೇಳುವುದಿಲ್ಲ.

ಬಳಲಿಕೆ ಸದ್ದಿಲ್ಲದೆ ಬರುತ್ತದೆ. ಫೋನ್ ಬಡಿದುಕೊಂಡರೆ ಎದೆ ಧಸಕ್ಕೆನ್ನುವುದು, ಮನೆಮಂದಿಯ ಮೇಲೆ ರೇಗುವುದು, ರೋಗಿ ಮಲಗಿದ್ದಾರೆ ಎಂದು ಕೇಳಿದಾಗ ಒಳಗೊಳಗೇ ಹಗುರಾಗುವುದು. ಇದು ನಂಬಿಕೆ ಕಡಿಮೆಯಾದದ್ದಲ್ಲ. ಪ್ರವಾದಿ ಎಲೀಯನು ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳನ್ನು ಗೆದ್ದ ಮೇಲೂ ಅಡವಿಗೆ ಓಡಿ, ಗಿಡದಡಿ ಕೂತು ಸಾವು ಬೇಡಿದ. ದೇವದೂತನು ಅವನನ್ನು ಗದರಲಿಲ್ಲ. ರೊಟ್ಟಿ, ನೀರು ಕೊಟ್ಟು ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದನು. ಬಳಲಿದ ಜೊತೆಗಾರರಿಗೆ ನೀವೂ ಅಷ್ಟೇ ಮಾಡಿ: ಊಟಕ್ಕೆ ಕರೆಯಿರಿ, ಆ ವಾರದ ಎರಡು ಮನೆ ನೀವೇ ನೋಡಿಕೊಳ್ಳಿ, ಕಾರಣ ಕೇಳಬೇಡಿ.

ನೀವು ಭೇಟಿ ಕೊಟ್ಟವರಲ್ಲಿ ಹಲವರು ವಾಸಿಯಾಗುವುದಿಲ್ಲ. ಹಾಗಾದಾಗ ಈ ಓಡಾಟದಿಂದ ಏನಾಯಿತು ಎಂಬ ಪ್ರಶ್ನೆ ಬರುತ್ತದೆ. ಮತ್ತಾಯ 25ರಲ್ಲಿ ಕರ್ತನು "ವಾಸಿಮಾಡಿದಿರಿ" ಎನ್ನಲಿಲ್ಲ. ರೋಗದಲ್ಲಿದ್ದಾಗ ನೋಡಲು ಬಂದಿರಿ ಎಂದನು. ಬರುವುದಷ್ಟೇ ನಿಮ್ಮ ಪಾಲಿನದು, ಅದನ್ನು ನೀವು ಮಾಡಿದ್ದೀರಿ.

ಸೇವೆ ಬಿಡುವ ದಿನವೂ ಬರುತ್ತದೆ, ವರ್ಗವಾಗಿಯೋ ವಯಸ್ಸಾಗಿಯೋ. ದಿಢೀರನೆ ನಿಲ್ಲಿಸಬೇಡಿ. ನಿಮ್ಮ ಜಾಗಕ್ಕೆ ಬರುವವರನ್ನು ಪ್ರತಿ ಮನೆಗೂ ಎರಡು ಸಲ ಜೊತೆಯಲ್ಲಿ ಕರೆದುಕೊಂಡು ಹೋಗಿ. ಮೊದಲ ಸಲ ನೀವು ಓದಿ, ಎರಡನೆಯ ಸಲ ಅವರು ಓದಲಿ. ಅಜ್ಜಿಗೆ ಯಾವ ಕಿವಿ ಕೇಳಿಸುತ್ತದೆ, ಕುರ್ಚಿ ಯಾವ ಕಡೆ ಹಾಕಬೇಕು ಎಂಬುದನ್ನು ಅಲ್ಲೇ ತೋರಿಸಿಕೊಟ್ಟು, ನೋಟ್‌ಬುಕ್ಕು ಅವರ ಕೈಗೆ ಕೊಡಿ.